ದನಿ ಹೋದ ಮಳೆಗಾಲದಲ್ಲಿ ಶುರುವಾದ ಬ್ಲಾಗು

ಕಳೆದ ವಾರ ವಿಜಯನಗರದಲ್ಲಿ ಒಂದು ಗ್ರಂಥಿಗೆ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಅಂಗಡಿಯವರು ಯಾರಿಗೋ ಅತಿಮಧುರದ ಬೇರು ಜಜ್ಜಿ ಪೊಟ್ಟಣ ಕಟ್ಟುತ್ತಿದ್ದರು. ಆ ಸಿಹಿ ಬೆರೆತ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಕತ್ತಿಗೆ ಹೋಯಿತು. ಅಲ್ಲೊಂದು ಗಾಯದ ಗೆರೆ ಇದೆ, ಸರದ ಹಿಂದೆ ಮರೆಯಾಗುವಷ್ಟು ಸಣ್ಣದು. ನನ್ನ ದನಿ ಹೋದ ಮಳೆಗಾಲ ಪೂರ್ತಿ ನಾನು ಆ ಬೇರನ್ನು ಅಗಿದಿದ್ದೆ. ಬ್ಲಾಗ್ ಬರೆಯಲು ಶುರು ಮಾಡಿದ್ದೂ ಅದೇ ಮಳೆಗಾಲದಲ್ಲಿ.

"ಇನ್ನೂ ಬ್ಲಾಗ್ ಬರೀತೀರಾ ಮಿಸ್? ಈಗ ಯಾರು ಓದ್ತಾರೆ ಅದನ್ನ?" ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಹೊಸದಾಗಿ ಸೇರಿದ ಟೀಚರುಗಳು ಕೇಳುತ್ತಾರೆ. ನಾನು ನಕ್ಕು ಹಾಜರಿ ಪುಸ್ತಕ ತೆಗೆದುಕೊಂಡು ಏಳುತ್ತೇನೆ. ಹೇಳಲು ಹೊರಟರೆ ಬೆಲ್ ಹೊಡೆಯುವಷ್ಟರಲ್ಲಿ ಮುಗಿಯುವ ಉತ್ತರವಲ್ಲ ಅದು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ದೇವರು ಕೊಟ್ಟ ದನಿ ದೊಡ್ಡದು. ಪ್ರಾರ್ಥನೆ ಹೊತ್ತಿಗೆ ಮೈಕು ಕೈಕೊಟ್ಟರೆ ಹೆಡ್‌ಮಿಸ್ ಮೊದಲು ಹುಡುಕುತ್ತಿದ್ದದ್ದು ನನ್ನನ್ನೇ. ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ನಾಲ್ಕು ಜನ: ನಾನು, ನನ್ನ ಗಂಡ ಪ್ರಕಾಶ್, ಆಗ ಡಿಗ್ರಿ ಓದುತ್ತಿದ್ದ ಮಗಳು ಸಿಂಚನ ಮತ್ತು ನನ್ನ ಅತ್ತೆ. ಬಾಗಿಲಿಗೆ ಬಂದವರನ್ನು ಮಾತಾಡಿಸುವುದು, ಫೋನು ಎತ್ತುವುದು, ನೀರಿನ ಟ್ಯಾಂಕರಿನವರ ಹತ್ತಿರ ಜಗಳ, ಎಲ್ಲ ನನ್ನ ಇಲಾಖೆ. ಅತ್ತೆ ಬಹಳ ಕಡಿಮೆ ಮಾತಿನವರು. ಊಟ ಆಯ್ತಾ, ಕಾಫಿ ಇಡ್ಲಾ, ಇಷ್ಟೇ. ಅವರ ಸ್ವಭಾವವೇ ಹಾಗೆ ಎಂದು ಮದುವೆಯಾದ ದಿನದಿಂದ ನಾನು ನಂಬಿಕೊಂಡಿದ್ದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ನನ್ನ ಥೈರಾಯ್ಡಿನಲ್ಲಿ ಗಂಟು ಕಾಣಿಸಿಕೊಂಡಿತು. ತೆಗೆಸಲೇಬೇಕು ಎಂದರು. ಡಾಕ್ಟರು ಮೊದಲೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ದನಿಯನ್ನು ಆಡಿಸುವ ನರ ಆ ಗ್ರಂಥಿಯ ಮಗ್ಗುಲಲ್ಲೇ ಹಾದು ಹೋಗುತ್ತದೆ, ಎಷ್ಟೇ ಎಚ್ಚರ ವಹಿಸಿದರೂ ಕೆಲವರಲ್ಲಿ ಅದು ಸೋತುಬಿಡುತ್ತದೆ. ನಾನು ತಲೆಯಾಡಿಸಿದೆ. ಆ ಕೆಲವರಲ್ಲಿ ತಾನೂ ಒಬ್ಬಳು ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಎಚ್ಚರವಾದಾಗ ಪ್ರಕಾಶ್ ಮಂಚದ ಪಕ್ಕ ನಿಂತಿದ್ದರು. "ನೀರು" ಅಂದೆ. ತುಟಿ ಆಡಿತು, ಗಾಳಿ ಬಂತು, ಮಾತು ಬರಲಿಲ್ಲ. ಗಂಟಿನಲ್ಲಿ ಅಪಾಯವೇನೂ ಇಲ್ಲ ಎಂದು ರಿಪೋರ್ಟ್ ಬಂದ ದಿನ ಮನೆಯವರೆಲ್ಲ ಕೈಮುಗಿದರು. ನಾನೂ ಮುಗಿದೆ. "ವಾಯ್ಸ್ ವಾಪಸ್ ಬರುತ್ತಾ ಡಾಕ್ಟ್ರೇ?" ಎಂದು ಪ್ರಕಾಶ್ ಕೇಳಿದರು. "ಕೆಲವರಿಗೆ ಕೆಲವು ತಿಂಗಳಲ್ಲಿ ಬರುತ್ತೆ ಸಾರ್. ಕೆಲವರಿಗೆ ಬರಲ್ಲ. ಈಗಲೇ ಹೇಳೋಕಾಗಲ್ಲ. ಎಕ್ಸರ್‌ಸೈಜ್ ಬಿಡಬೇಡಿ, ಕಾಯೋಣ."

ಜೂನ್ ತಿಂಗಳು. ಶಾಲೆ ಶುರುವಾಗಿತ್ತು, ಮಳೆಯೂ ಶುರುವಾಗಿತ್ತು. ಹೆಡ್‌ಮಿಸ್ ಸೇಬಿನ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. "ಆರಾಮಾಗಿರಿ ಶೈಲಜಾ. ದಸರಾ ರಜೆವರೆಗೂ ನೋಡೋಣ. ಆಮೇಲೂ ಕಷ್ಟ ಅನ್ಸಿದ್ರೆ ಲೈಬ್ರರಿ ಇದ್ದೇ ಇದೆಯಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವರು ಹೋದ ಮೇಲೆ ನಾನು ಗೋಡೆಗೆ ಎರಡೂ ಅಂಗೈ ಒತ್ತಿ ನಿಂತು, ಥೆರಪಿಯವರು ಹೇಳಿಕೊಟ್ಟಂತೆ "ಆ" ಎನ್ನಲು ಮತ್ತೆ ಮತ್ತೆ ಪ್ರಯತ್ನಿಸಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ, ಅತಿಮಧುರದ ಒಂದು ಚೂರು ತಂದು ನನ್ನ ಅಂಗೈಯಲ್ಲಿಟ್ಟರು.

ದನಿ ಹೋದವರನ್ನು ಜನ ಹೇಗೆ ಮಾತಾಡಿಸುತ್ತಾರೆ ಎಂಬುದು ಒಂದು ತಮಾಷೆ. ಕೆಲವರು ನನಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಕಿರುಚುತ್ತಿದ್ದರು. ಇನ್ನು ಕೆಲವರು ನನ್ನ ಹಾಗೇ ಪಿಸುಗುಟ್ಟುತ್ತಿದ್ದರು. ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸು, ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗುವವಳು, ನನ್ನ ಪಿಸುಮಾತು ಕೇಳಿದ್ದೇ ಆ ಕಡೆ ಈ ಕಡೆ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ "ದಂಟು ಚೆನ್ನಾಗೈತೆ ಆಂಟಿ, ಯಾರ್ಗೂ ಹೇಳ್ಬೇಡಿ" ಎಂದಿದ್ದಳು. ಪ್ರಕಾಶ್ ಜೊತೆ ಜಗಳವಾಡಬೇಕೆಂದರೆ ಎದುರಿಗೆ ಕೂತು ವಾಟ್ಸಾಪ್ ಮಾಡಬೇಕಿತ್ತು. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ಓದಿ, "ಇಲ್ಲಿ 'ಯಾವಾಗಲೂ' ಅಂತ ಬರೆದಿದ್ದೀಯಲ್ಲ, ಅದು ಸರಿಯಲ್ಲ" ಎನ್ನುವಷ್ಟರಲ್ಲಿ ನನ್ನ ಸಿಟ್ಟು ಇಳಿದುಹೋಗಿರುತ್ತಿತ್ತು.

ಆದರೆ ಎಲ್ಲವೂ ನಗುವಂಥ ದಿನಗಳಾಗಿರಲಿಲ್ಲ. ಜುಲೈನಲ್ಲಿ ಒಂದು ದಿನ, ನನ್ನ ಬದಲಿಗೆ ಬಂದಿದ್ದ ಟೀಚರಿಗೆ ಪಾಠದ ಟಿಪ್ಪಣಿ ಕೊಡಲು ಶಾಲೆಗೆ ಹೋದೆ. ಮಳೆಗೆ ಮಕ್ಕಳೆಲ್ಲ ಕಾರಿಡಾರಿನಲ್ಲೇ ಇದ್ದರು. ಒಂಬತ್ತನೇ ಕ್ಲಾಸಿನವರು "ಮಿಸ್ ಬಂದ್ರು, ಮಿಸ್ ಬಂದ್ರು" ಎಂದು ಓಡಿಬಂದು ಸುತ್ತ ನಿಂತರು. ಏನಾದರೂ ಬೈಯಲಿ ಎಂದು ಕಾಯುವಂಥ ಮುಖಗಳು. ನಾನು ಬಾಯಿ ತೆರೆದೆ. ಗದ್ದಲ ನಿಂತಿತು. ಆ ಮೌನದಲ್ಲೂ ನನ್ನ ಮಾತು ಮೊದಲ ಸಾಲಿನ ಆಚೆಗೆ ಕೇಳಿಸಲಿಲ್ಲ. ಒಬ್ಬ ಹುಡುಗಿ ಪಕ್ಕದವಳಿಗೆ ಮೆಲ್ಲಗೆ "ಪಾಪ ಕಣೇ" ಎಂದಳು. ಅವಳದು ಅನುಕಂಪವೇ. ನನ್ನ ಎದೆಗೆ ಮಾತ್ರ ಅದು ನೇರವಾಗಿ ಇಳಿಯಿತು.

ಮನೆಗೆ ಬಂದು ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಅಳುವುದಕ್ಕೂ ದನಿ ಬೇಕು ಎಂದು ಅವತ್ತು ಗೊತ್ತಾಯಿತು. ದನಿಯಿಲ್ಲದ ಅಳು ಒಳಗೇ ಸುತ್ತುತ್ತದೆ, ಹೊರಗೆ ಹೋಗಿ ಹಗುರಾಗುವುದಿಲ್ಲ. ಮಗಳು ಕಾಲೇಜಿನಲ್ಲಿದ್ದಳು. ಫೋನು ತೆಗೆದು ಅವಳಿಗೆ ಬರೆಯತೊಡಗಿದೆ. ಕಾರಿಡಾರು, ಮಳೆ, ಹುಡುಗಿ, ಅಷ್ಟರಲ್ಲಿ ಸೊಪ್ಪಿನವಳ ಗುಟ್ಟು ನೆನಪಾಗಿ ಅದನ್ನೂ ಬರೆದೆ. ಬೆರಳು ನೋಯುವವರೆಗೂ ಬರೆದು ಕಳಿಸಿದೆ.

ಸಂಜೆ ಸಿಂಚನ ಒದ್ದೆ ಕೊಡೆಯನ್ನು ಬಾಗಿಲಲ್ಲೇ ಬಿಸಾಡಿ ಒಳಗೆ ಬಂದಳು. "ಅಮ್ಮಾ, ಬಸ್ಸಲ್ಲಿ ಓದಿ ಫಸ್ಟ್ ಅತ್ಬಿಟ್ಟೆ, ಆಮೇಲೆ ಸೊಪ್ಪಿನ ಕಥೆಗೆ ಜೋರಾಗಿ ನಕ್ಕೆ. ಪಕ್ಕದ ಆಂಟಿ ಏನಾಯ್ತಮ್ಮ ಅಂದ್ರು. ಅವ್ರಿಗೂ ತೋರಿಸ್ದೆ. ಇದು ಮೆಸೇಜ್ ಅಲ್ಲ ಕಣಮ್ಮಾ. ಬ್ಲಾಗ್ ಮಾಡು."

ಯಾರು ಓದುತ್ತಾರೆ ಎಂದು ಸನ್ನೆ ಮಾಡಿದೆ. ಇವತ್ತು ಸ್ಟಾಫ್‌ರೂಮಿನವರು ಕೇಳುವ ಪ್ರಶ್ನೆಯನ್ನು ಅವತ್ತು ನಾನೇ ಕೇಳಿದ್ದೆ.

"ಬಸ್ಸಿನ ಆಂಟಿ ಓದ್ತಾರೆ. ನಾನು ಓದ್ತೀನಿ. ಇನ್ನೇನ್ ಬೇಕು ನಿಂಗೆ?"

ಅವಳೇ ಕೂತು ಎಲ್ಲ ಸಿದ್ಧ ಮಾಡಿದಳು. ಮೊದಲ ಬರಹಕ್ಕೆ 'ಪಿಸುಮಾತಿನ ವ್ಯಾಪಾರ' ಎಂದು ಹೆಸರಿಟ್ಟೆ. ಅದನ್ನು ಅವಳು ಹಾಲ್‌ನಲ್ಲಿ ನಿಂತು ಎಲ್ಲರಿಗೂ ಗಟ್ಟಿಯಾಗಿ ಓದಿದಳು. ನನ್ನ ವಾಕ್ಯಗಳು ನನ್ನ ಮಗಳ ಗಂಟಲಿನಿಂದ ಬಂದವು. ನಾನು ಎಲ್ಲಿ ತಡೆದು ಹೇಳುತ್ತಿದ್ದೆನೋ ಅಲ್ಲೇ ತಡೆದಳು, ಎಲ್ಲಿ ದನಿ ಏರಿಸುತ್ತಿದ್ದೆನೋ ಅಲ್ಲೇ ಏರಿಸಿದಳು. ಇಷ್ಟು ವರ್ಷ ಇವಳು ನನ್ನ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ ಎಂದು ನಾನು ದೂರುತ್ತಿದ್ದೆನಲ್ಲ! ಪ್ರಕಾಶ್ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿಸಿಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅದೊಂದು ಅಭ್ಯಾಸವಾಯಿತು. ಹಗಲು ನಾನು ಬರೆಯುವುದು, ಸಂಜೆ ಕಾಫಿ ಹೊತ್ತಿಗೆ ಸಿಂಚನ ಓದುವುದು. ದೊಡ್ಡ ವಿಷಯವೇನೂ ಇರುತ್ತಿರಲಿಲ್ಲ. ಮಳೆಗೆ ಪಾರ್ಕಿನ ಹತ್ತಿರ ಉರುಳಿದ ಮರ, ಅದರ ಕೊಂಬೆಯಲ್ಲಿದ್ದ ಗೂಡನ್ನು ಎದುರು ಮನೆಯವರು ತಮ್ಮ ಮಾವಿನ ಗಿಡಕ್ಕೆ ಕಟ್ಟಿದ್ದು. ದರ್ಶಿನಿಯಲ್ಲಿ ನಾನು ಬೆರಳಿನಲ್ಲಿ ಸನ್ನೆ ಮಾಡಿದ್ದನ್ನು ತಪ್ಪಾಗಿ ತಿಳಿದು ಕ್ಯಾಷಿಯರು ಎರಡು ಇಡ್ಲಿ ಬದಲು ಎರಡು ಪ್ಲೇಟ್ ಇಡ್ಲಿ ಕೊಟ್ಟದ್ದು.

ಇನ್ನೊಂದು ಬದಲಾವಣೆ ನನಗೇ ತಿಳಿಯದಂತೆ ಆಗುತ್ತಿತ್ತು. ಬಾಗಿಲು ಬಡಿದರೆ ನನಗೆ ಉತ್ತರ ಕೊಡಲಾಗುತ್ತಿರಲಿಲ್ಲ, ಹಗಲು ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಹಾಗಾಗಿ ಅತ್ತೆ ಮಾತಾಡಲೇಬೇಕಾಯಿತು. ಮೊದಲು "ಯಾರು?" ಅಷ್ಟೇ. ಆಗಸ್ಟ್ ಹೊತ್ತಿಗೆ ನೀರಿನ ಟ್ಯಾಂಕರಿನವನಿಗೆ "ಏನಪ್ಪಾ, ನಿನ್ನೆ ಬರ್ತೀನಿ ಅಂದೋನು ಇವತ್ತು ಮುಖ ತೋರಿಸ್ತಿದ್ದೀಯಾ? ನಾವೇನ್ ನೀರಿಲ್ದೆ ಒಣಗ್ಬೇಕಾ?" ಎಂದು ಗೇಟಿನಲ್ಲಿ ನಿಂತು ತರಾಟೆಗೆ ತೆಗೆದುಕೊಂಡರು. ಒಳಗೆ ಬಂದು, ನನ್ನ ಮುಖ ನೋಡಿ, "ನೀನ್ ಬೈಯ್ಯೋದ್ ಕೇಳಿ ಕೇಳಿ ಕಲ್ತಿದ್ದು" ಎಂದರು.

ಬ್ಲಾಗಿನ ಕೆಳಗೆ ಒಂದೊಂದಾಗಿ ಕಾಮೆಂಟು ಬರತೊಡಗಿದವು. ಹೆಚ್ಚಿನವು ನೆಂಟರದು, ಸಿಂಚನಳ ಗೆಳತಿಯರದು. ಒಂದು ಮಾತ್ರ ಗುರುತಿಲ್ಲದವರದು: "ಅಮ್ಮಾ, ನಿಮಗೆ ಗಾಳಿಯಾದರೂ ಬಾಯಲ್ಲಿ ಬರುತ್ತಿದೆ. ನನಗೆ ಅದೂ ಇಲ್ಲ. ಆದರೂ ನಿಮ್ಮ ಸೊಪ್ಪಿನ ಕಥೆಗೆ ನಗು ಬಂತು. ಬರೆಯುತ್ತಿರಿ. ಸಿದ್ಧಲಿಂಗಪ್ಪ, ಕೆಂಗೇರಿ."

ನಾನು ಉತ್ತರ ಬರೆದೆ. ಅವರು ಬರೆದರು. ಹೀಗೆ ತಿಳಿದದ್ದು ಇಷ್ಟು: ಅವರು ಮಂಡಿಯಲ್ಲಿ ಈರುಳ್ಳಿ, ಆಲೂಗಡ್ಡೆ ಹರಾಜು ಕೂಗುತ್ತಿದ್ದವರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೇ ತೂತು ಮಾಡಬೇಕಾಯಿತು. ಕತ್ತಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಯಂತ್ರ ಕೊಡಿಸಿದ್ದರು. ಅದರ ಸದ್ದು ಕೇಳಿ ಬಸ್ಸಿನಲ್ಲಿ ಯಾರೋ ನಕ್ಕರಂತೆ. ಅವತ್ತೇ ಯಂತ್ರ ಬೀರುವಿಗೆ ಸೇರಿತು. ಅವರು ಮನೆಗೆ ಸೇರಿದರು. ಮಗ ಕೊಡಿಸಿದ ಫೋನಿನಲ್ಲಿ ಓದುವುದೊಂದೇ ಕೆಲಸ.

ನಾನು ಅವರಿಗೆ ಬುದ್ಧಿ ಹೇಳಲಿಲ್ಲ. ನನಗೇ ಶಾಲೆಯ ಗೇಟು ದಾಟುವ ಧೈರ್ಯವಿರಲಿಲ್ಲ. ಬರೆಯುತ್ತಿದ್ದೆ, ಅಷ್ಟೇ. ಸೆಪ್ಟೆಂಬರಿನಲ್ಲಿ, ರಸ್ತೆಯೆಲ್ಲ ಹೊಳೆಯಾದ ಒಂದು ದಿನ, ಅವರ ಕಾಮೆಂಟು ಬಂತು: "ಇವತ್ತು ಬೀರುವಿನಿಂದ ಯಂತ್ರ ತೆಗೆದು ಚಾರ್ಜಿಗೆ ಹಾಕಿದೆ. ಅಂಗಡಿಗೆ ಹೋಗಿ ಕೊತ್ತಂಬರಿ ತಂದೆ. ಅಂಗಡಿಯವನು ನಗಲಿಲ್ಲ. ಕರಿಬೇವು ಬೇಡವಾ ಅಂದ."

ಅದನ್ನು ಸಿಂಚನ ಎರಡು ಸಲ ಓದಿದಳು. ಅತ್ತೆ, "ಅವ್ರನ್ನ ನೋಡ್ಕೊಂಡ್ ಬನ್ನಿ ಒಂದ್ಸಲ" ಎಂದರು.

ಭಾನುವಾರ ಪ್ರಕಾಶ್ ಮತ್ತು ನಾನು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ದೀಪಾಂಜಲಿ ನಗರ ದಾಟಿದ ಮೇಲೆ ಕಿಟಕಿ ತುಂಬ ಮೋಡ. ಕೆಂಗೇರಿಯ ಮನೆಯಲ್ಲಿ ಅವರ ಹೆಂಡತಿ ಗೌರಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಸಿದ್ಧಲಿಂಗಪ್ಪನವರು ಎತ್ತರದ ಆಳು, ಕತ್ತಿಗೆ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ಕಟ್ಟಿಕೊಂಡಿದ್ದರು. ಕೂತೆವು. ನಾನು ಪಿಸುಗುಟ್ಟುವವಳು, ಅವರು ತಲೆಯಾಡಿಸುವವರು, ಪ್ರಕಾಶ್ ಗೋಡೆ ಗಡಿಯಾರ ನೋಡುವವರು. ಇಬ್ಬರೂ ಬರಹದಲ್ಲಿ ಅಷ್ಟು ಮಾತಾಡಿದವರು ಎದುರೆದುರು ಕೂತಾಗ ಏನೂ ಹೊರಡಲಿಲ್ಲ.

ಗೌರಮ್ಮ ನಿಪ್ಪಟ್ಟಿನ ತಟ್ಟೆ ತಂದಿಟ್ಟರು. ಪ್ರಕಾಶ್ ಒಂದು ತಿಂದು, "ಅಮ್ಮಾ, ಸಕತ್ತಾಗಿದೆ" ಎಂದು ಇನ್ನೊಂದಕ್ಕೆ ಕೈ ಹಾಕಿದರು. ಆಗ ಸಿದ್ಧಲಿಂಗಪ್ಪನವರು ತಟ್ಟೆಯನ್ನು ಸರಕ್ಕನೆ ತಮ್ಮ ಕಡೆಗೆ ಎಳೆದುಕೊಂಡರು. ಜೇಬಿನಿಂದ ಟಾರ್ಚಿನಂಥ ಆ ಯಂತ್ರ ತೆಗೆದು ಕತ್ತಿಗೆ ಒತ್ತಿದರು. ಏರಿಳಿತವಿಲ್ಲದ, ಜೀರುಂಡೆಯಂಥ ದನಿ ಹೊರಟಿತು.

"ನೋಡ್ರಪ್ಪೋ. ಗೌರಮ್ಮನ ನಿಪ್ಪಟ್ಟು. ಗರಿ ಗರಿ ಮಾಲು. ಯಾರ್ರೀ ಕೇಳೋರು?"

ಪ್ರಕಾಶ್ ಒಂದು ಕ್ಷಣ ಬೆಪ್ಪಾದರು. ಆಮೇಲೆ ಕೈ ಎತ್ತಿ, "ನಾನು ಕೇಳ್ತೀನಿ ಸಾರ್!" ಎಂದರು.

"ಚಂದ್ರಾ ಲೇಔಟ್ ಪಾರ್ಟಿ ಕೇಳವ್ರೆ. ಒಂದನೇ ಸಾರಿ. ಎರಡನೇ ಸಾರಿ. ಮೇಲೆ ಯಾರಾದ್ರೂ ಉಂಟಾ?" ಅವರು ನನ್ನ ಕಡೆ ನೋಡಿದರು. ನಾನು ಎರಡೂ ಕೈ ಎತ್ತಿದೆ. "ಅಮ್ಮೋರು ಜಾಸ್ತಿ ಕೇಳವ್ರೆ. ಒಂದನೇ ಸಾರಿ. ಎರಡನೇ ಸಾರಿ. ಮೂರನೇ ಸಾರಿ!" ಎಂದು ಟೀಪಾಯಿಯನ್ನು ಅಂಗೈಯಿಂದ ಗುದ್ದಿ ತಟ್ಟೆಯನ್ನು ನನ್ನ ಮಡಿಲಿಗಿಟ್ಟರು.

ನಾವು ನಗುತ್ತಿದ್ದೆವು. ಗೌರಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ಅಳುತ್ತಿದ್ದರು. "ಮಂಡಿಗೆ ಊಟ ತಗೊಂಡ್ ಹೋದಾಗ ಆಚೆ ನಿಂತ್ಕೊಂಡು ಕೇಳ್ತಿದ್ದೆ ಕಣಮ್ಮ ಇದನ್ನ. ಇನ್ ಕೇಳಲ್ಲ ಅಂದ್ಕೊಂಡಿದ್ದೆ" ಎಂದರು. ಆ ದನಿಗೂ ಹಳೆಯ ದನಿಗೂ ಏನೇನೂ ಹೋಲಿಕೆ ಇದ್ದಿರಲಾರದು. ಆದರೆ ಕೂಗುತ್ತಿದ್ದವರು ಅವರೇ. ಗೌರಮ್ಮನಿಗೆ ಅಷ್ಟೇ ಸಾಕಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ದಸರಾ ರಜೆ ಮುಗಿದ ದಿನ ಶಾಲೆಗೆ ಹೋಗಿ, ಹೆಡ್‌ಮಿಸ್‌ಗೆ ಕಾಗದದಲ್ಲಿ ಬರೆದು ತೋರಿಸಿದೆ: "ಲೈಬ್ರರಿ ಕೊಡಿ, ಸಂತೋಷದಿಂದ ಮಾಡುತ್ತೇನೆ." ಸಂತೋಷ ಎಂದು ಬರೆದದ್ದು ಪೂರ್ತಿ ನಿಜವಾಗಿರಲಿಲ್ಲ. ಕ್ಲಾಸಿನ ಸದ್ದು ಲೈಬ್ರರಿಯ ಗೋಡೆ ದಾಟಿ ಬಂದಾಗೆಲ್ಲ ಕೈಯಲ್ಲಿದ್ದ ಪುಸ್ತಕ ಬಿಟ್ಟು ಕಿವಿಗೊಡುತ್ತಿದ್ದೆ. ಆದರೂ ಮಕ್ಕಳ ಮಧ್ಯೆ ಇದ್ದೆ. ಲೈಬ್ರರಿಯಲ್ಲಿ ಪಿಸುಗುಟ್ಟಿದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ ಎಂಬುದನ್ನು ಬ್ಲಾಗಿನಲ್ಲಿ ಬರೆದಾಗ, ಹೆಡ್‌ಮಿಸ್ ಅದನ್ನು ಓದಿ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕರಂತೆ.

ಮಳೆ ನಿಂತು ಚಳಿ ಮೂಡುತ್ತಿದ್ದ ನವೆಂಬರಿನ ಒಂದು ಬೆಳಿಗ್ಗೆ. ನಾನು ಒಗ್ಗರಣೆ ಹಾಕುತ್ತಿದ್ದೆ. ಬಚ್ಚಲಿನಿಂದ ಅತ್ತೆ ಕೂಗಿದರು, "ಶೈಲಾ, ಟವೆಲ್ ಮರ್ತ್‌ಬಂದೆ ಕಣಮ್ಮ."

"ಬಂದೆ ಅತ್ತೆ" ಎಂದೆ.

ಒರಟಾದ, ಒಡಕಾದ, ಗಂಡಸಿನಂಥ ದನಿಯೊಂದು ಅಡುಗೆಮನೆಯಲ್ಲಿ ಕೇಳಿಸಿತು. ಸಾಸಿವೆ ಸಿಡಿಯುತ್ತಲೇ ಇತ್ತು. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು.

"ಯಾರದು? ಮನೇಲಿ ಯಾರ್ ಬಂದವ್ರೆ?" ಅತ್ತೆ ಗಾಬರಿಯಿಂದ ಕೇಳಿದರು.

"ನಾನೇ ಅತ್ತೆ!"

ಅತ್ತೆ ಒದ್ದೆ ಸೀರೆ ಸುತ್ತಿಕೊಂಡೇ ಹೊರಗೆ ಬಂದರು. ಪ್ರಕಾಶ್ ಅರ್ಧ ಕೆನ್ನೆಗೆ ಸೋಪು ಹಚ್ಚಿಕೊಂಡು ಓಡಿಬಂದರು. ಸಿಂಚನ ಹಾಸಿಗೆಯಿಂದ ಎದ್ದು ಬಂದು, "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು. ನಾನು "ಒಗ್ಗರಣೆ ಸೀದುಹೋಯ್ತು" ಎಂದೆ. ನಿಜವಾಗಿಯೂ ಸೀದಿತ್ತು. ಯಾರೂ ಒಲೆ ಆರಿಸಲಿಲ್ಲ. ನಾಲ್ವರೂ ಆ ಹೊಗೆಯಲ್ಲಿ ಕೆಮ್ಮುತ್ತಾ, ನಗುತ್ತಾ ನಿಂತಿದ್ದೆವು.

ಹಳೆಯ ದನಿ ಪೂರ್ತಿ ಬರಲಿಲ್ಲ. ಮುಂದಿನ ಜೂನ್‌ನಲ್ಲಿ ಸೊಂಟಕ್ಕೆ ಸಣ್ಣ ಸ್ಪೀಕರು ಕಟ್ಟಿಕೊಂಡು, ಬಾಯಿಯ ಹತ್ತಿರ ಮೈಕು ಸಿಕ್ಕಿಸಿಕೊಂಡು ಕ್ಲಾಸಿಗೆ ಹೋದೆ. ಈಗಲೂ ಹಾಗೇ ಹೋಗುತ್ತೇನೆ. ಸಿದ್ಧಲಿಂಗಪ್ಪನವರು ಈಗ ಆಸ್ಪತ್ರೆಗೆ ಹೋಗಿ, ಹೊಸದಾಗಿ ಆಪರೇಷನ್ ಆದವರ ಪಕ್ಕ ಕೂತು ಯಂತ್ರ ಹಿಡಿಯುವುದನ್ನು ಕಲಿಸುತ್ತಾರೆ.

ಆದರೆ ದನಿ ಬಂದ ಹೊಸತರಲ್ಲಿ ಬ್ಲಾಗ್ ನಿಂತೇ ಹೋಗುವುದರಲ್ಲಿತ್ತು. ಬಾಯಿಯಲ್ಲಿ ಹೇಳುವುದು ಎಷ್ಟು ಸುಲಭ! ಆ ವರ್ಷದ ಡಿಸೆಂಬರ್ ಪೂರ್ತಿ ಒಂದಕ್ಷರ ಬರೆಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನ ಪಕ್ಕ ಬಂದು ಕೂತರು.

"ಇವತ್ತು ನಾನ್ ಹೇಳ್ತೀನಿ. ನೀನ್ ಬರ್ಕೊ" ಎಂದರು.

"ಏನ್ ಅತ್ತೆ?"

"ನಮ್ಮ ಬಾವಿ."

ಅತ್ತೆಯ ತವರೂರಿನಲ್ಲಿ, ಈಗ ಕಲ್ಯಾಣ ಮಂಟಪವೊಂದರ ಕಾರುಗಳು ನಿಲ್ಲುವ ಜಾಗದಲ್ಲಿ ಅವರ ತಂದೆಯ ಹೊಲವಿತ್ತು, ಹೊಲದಲ್ಲಿ ಮೆಟ್ಟಿಲು ಬಾವಿಯಿತ್ತು. ಹುಡುಗರು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಬುತ್ತಿ ಒಯ್ದ ಹುಡುಗಿ ಮೆಟ್ಟಿಲ ಮೇಲೆ ಕೂತು ನೋಡಬೇಕಿತ್ತು. ಒಂದು ದಿನ ಅವಳು ಅಣ್ಣನ ಬುರುಡೆ ಕಟ್ಟಿಕೊಂಡು ಧುಮುಕಿಯೇಬಿಟ್ಟಳು. ಬೈದರು, ಹೊಡೆದರು. ಮಾರನೇ ದಿನ ಮತ್ತೆ ಧುಮುಕಿದಳು. ಕೊನೆಗೆ ಅಪ್ಪನೇ ಅವಳಿಗೊಂದು ಬುರುಡೆ ಒಣಗಿಸಿ ಕೊಟ್ಟರು. ನಾನು ಬರೆದುಕೊಳ್ಳುತ್ತಿದ್ದೆ. ನನ್ನ ಅತ್ತೆಗೆ ಈಜು ಬರುತ್ತದೆ! ಪ್ರಕಾಶ್‌ಗೂ ಗೊತ್ತಿರಲಿಲ್ಲ. ಯಾಕೆ ಯಾವತ್ತೂ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಯಾರ್ ಕೇಳುದ್ರು?" ಎಂದರು, ಬೇಸರವಿಲ್ಲದೆ.

ಬರೆದು ಮುಗಿಸಿ, ಹಾಕಿ, ಫೋನನ್ನು ಅವರ ಮುಂದೆ ಹಿಡಿದೆ. ಪೊರೆ ಬಂದ ಕಣ್ಣಿಗೆ ಕಾಣಲೆಂದು ಅಕ್ಷರಗಳನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿದೆ. ಅವರು ಬೆರಳಿಟ್ಟು ಓದಿದರು. ಮತ್ತೆ ಮೇಲಕ್ಕೆ ಬಂದು, ಹೆಸರಿನ ಹತ್ತಿರ ನಿಂತರು.

"ಇದ್ ಹೇಳಿದ್ದು ನಾನು. ಇಲ್ಲಿ ನಿನ್ ಹೆಸ್ರು ಯಾಕೈತೆ?"

ಅಳಿಸಿ, 'ಪುಟ್ಟನಂಜಮ್ಮ' ಎಂದು ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಓದಿಕೊಂಡರು.

"ಇದನ್ನ ಯಾರ್ ಬೇಕಾದ್ರೂ ಓದ್ಬೋದಾ?"

"ಯಾರ್ ಬೇಕಾದ್ರೂ ಓದ್ಬೋದು ಅತ್ತೆ."

ಅವರು ನನ್ನ ಮೊಣಕೈ ತಟ್ಟಿ ಹೇಳಿದರು:

"ಹಂಗಾದ್ರೆ ಇದನ್ನೂ ಸೇರ್ಸು. ನಾನು ಆಳ ಇರೋ ಕಡೇಗೂ ಹೋಗ್ತಿದ್ದೆ."